ಬ್ರೇಕ್ ಪೆಡಲ್ ಮೆತ್ತಗಿದೆ ಅಂತ ನಿಪ್ಪಲ್‌ಗೆ ಕೈ ಹಾಕಬೇಡಿ, ಮೊದಲು ಹ್ಯಾಂಡ್‌ಬ್ರೇಕ್ ಎಳೆದು ನೋಡಿ

ಮೊದಲ ಸಲ ಒತ್ತಿದರೆ ಪೆಡಲ್ ಕೆಳಗೆ ಹೋಗುತ್ತದೆ, ಎರಡು ಸಲ ಪಂಪ್ ಮಾಡಿದರೆ ಮೇಲೆ ಬರುತ್ತದೆ, ಬ್ರೇಕ್ ಲೈನಿನಲ್ಲಿ ಸೇರಿಕೊಂಡ ಗಾಳಿ, ಅಂದರೆ ಏರ್, ಮನೆಯಲ್ಲೇ ತೆಗೆಯೋಕೆ ಯಾವ ಕಿಟ್ ತಗೊಳ್ಳಲಿ ಅಂತ ಕೇಳಿದ್ದೀರಿ. ಯಾವುದನ್ನೂ ತಗೋಬೇಡಿ. ಇದೇ ಪೆಡಲ್ ಹಿಡಿದುಕೊಂಡು ನಾನೂ ಒಂದು ಭಾನುವಾರ ಹಾಳು ಮಾಡಿಕೊಂಡಿದ್ದೇನೆ.

ನಮ್ಮ ಮನೆ ತೀರ್ಥಹಳ್ಳಿ ಹತ್ತಿರ. ಕಾರು 13 ವರ್ಷ ಹಳೆಯದು, ಮುಂದೆ ಡಿಸ್ಕ್, ಹಿಂದೆ ಡ್ರಮ್. ಉಡುಪಿ ಕಡೆ ಹೋಗಬೇಕು ಅಂದರೆ ಆಗುಂಬೆ ಘಾಟಿಯ 14 ತಿರುವು ಇಳಿಯಬೇಕು, ಅಲ್ಲಿ ಪೆಡಲ್ ಅರ್ಧ ಕೆಳಗೆ ಹೋದರೆ ಹೇಗಾಗುತ್ತದೆ ಹೇಳಿ. ಏರ್ ಹಿಡಿದಿದೆ ಅಂತ ನಾನೇ ತೀರ್ಮಾನ ಮಾಡಿದೆ. ಎರಡು ವಿಡಿಯೋ ನೋಡಿದೆ, ಅರ್ಧ ಲೀಟರ್ ಡಾಟ್ 3 ಆಯಿಲ್, ಮೀನಿನ ತೊಟ್ಟಿಗೆ ಹಾಕುವ ಪಾರದರ್ಶಕ ಪೈಪು, ಒಂದು ಖಾಲಿ ಬಾಟಲಿ, ರಿಂಗ್ ಸ್ಪ್ಯಾನರ್ ಜೋಡಿಸಿಕೊಂಡೆ. ಪೆಡಲ್ ಒತ್ತೋಕೆ ಅಕ್ಕನ ಮಗನನ್ನು ಕೂರಿಸಿದೆ. ಕೆಲಸ ಗೊತ್ತಿತ್ತು ಅನ್ನಿ: ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳತ್ತ ತಳ್ಳುವ ಮಾಸ್ಟರ್ ಸಿಲಿಂಡರ್‌ಗೆ ದೂರದ ಎಡ ಹಿಂದಿನ ಚಕ್ರದಿಂದ ಶುರು, "ಒತ್ತು, ಹಿಡಿದುಕೋ" ಅಂದು ಚಕ್ರದ ಹಿಂದಿನ ನಿಪ್ಪಲ್ (ಗಾಳಿ, ಆಯಿಲ್ ಹೊರಬಿಡುವ ಸಣ್ಣ ತಿರುಪು) ಸಡಿಲ ಮಾಡೋದು, ಮುಚ್ಚಿದ ಮೇಲೇ "ಬಿಡು" ಅನ್ನೋದು, ಮೇಲಿನ ಆಯಿಲ್ ಡಬ್ಬಿ ಖಾಲಿ ಆಗೋಕೆ ಬಿಡಬಾರದು.

ತಪ್ಪು ಆಗಿದ್ದು ಇಲ್ಲಿ ಯಾವುದರಲ್ಲೂ ಅಲ್ಲ. ಹುಡುಗ ಪೆಡಲನ್ನು ನೆಲಕ್ಕೆ ತಾಗುವವರೆಗೂ ತುಳಿಯುತ್ತಿದ್ದ. ಭೇಷ್, ಹಾಗೇ ತುಳಿ ಅಂತ ನಾನೇ ಹುರಿದುಂಬಿಸುತ್ತಿದ್ದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕೆಂದರೆ ಆ ವಿಡಿಯೋಗಳಲ್ಲಿ ಯಾರೂ ಹೇಳಿರಲಿಲ್ಲ. ದಿನಾ ಓಡಿಸುವಾಗ ಪೆಡಲ್ ಪೂರ್ತಿ ಕೆಳಗೆ ಹೋಗೋದಿಲ್ಲ ಅಲ್ವಾ? ಅಂದರೆ ಮಾಸ್ಟರ್ ಸಿಲಿಂಡರ್ ಒಳಗಿನ ಪಿಸ್ಟನ್ ವರ್ಷಗಟ್ಟಲೆ ಕೊಳವೆಯ ಮೊದಲ ಭಾಗದಲ್ಲಷ್ಟೇ ಹಿಂದೆ ಮುಂದೆ ಓಡಾಡಿರುತ್ತದೆ. ಅಷ್ಟು ಜಾಗ ಉಜ್ಜಿ ಉಜ್ಜಿ ನುಣುಪಾಗಿರುತ್ತದೆ. ಅದರಾಚೆಗೆ ಪಿಸ್ಟನ್ ಸುತ್ತ ಆಯಿಲ್ ಸೋರದಂತೆ ಹಿಡಿಯುವ ರಬ್ಬರ್ ವಾಷರ್ ಹೋಗಿಯೇ ಇರುವುದಿಲ್ಲ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ, ನಮ್ಮ ಮಲೆನಾಡಿನ ಮಳೆಗಾಲ ಬೇರೆ, ನಾನಂತೂ ಅಷ್ಟು ವರ್ಷ ಆಯಿಲ್ ಬದಲಿಸಿದವನೇ ಅಲ್ಲ. ಹಾಗಾಗಿ ಆ ಮುಟ್ಟದ ಜಾಗದಲ್ಲಿ ತುಕ್ಕು, ಗಸಿ ಕೂತಿರುತ್ತದೆ. ಏರ್ ತೆಗೆಯುವಾಗ ನಿಪ್ಪಲ್ ತೆರೆದಿರುವುದರಿಂದ ಪೆಡಲ್ ಸೀದಾ ನೆಲಕ್ಕಿಳಿಯುತ್ತದೆ, ರಬ್ಬರ್ ವಾಷರಿನ ತೆಳು ಅಂಚು ಆ ತುಕ್ಕಿನ ಮೇಲೆ ಉಜ್ಜಿಕೊಂಡು ಹೋಗುತ್ತದೆ. ಒಂದು ಸಲ ಅಲ್ಲ, ನಾಲ್ಕು ಚಕ್ರಕ್ಕೆ ಸೇರಿ ಐವತ್ತು ಅರವತ್ತು ಸಲ. ಹರಿಯದೆ ಏನಾಗುತ್ತದೆ? ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಟಿದ್ದರೆ ಮುಗಿದಿತ್ತು. ಮನೆಯ ಹಿಂದೆ ಸೌದೆ ರಾಶಿಯೇ ಇತ್ತು!

ಎಲ್ಲ ಮುಗಿಸಿ ಪೆಡಲ್ ಮೇಲೆ ಕಾಲಿಟ್ಟರೆ ಮೊದಲಿಗಿಂತ ಕಡೆ. ಒತ್ತಿ ಹಿಡಿದರೆ ಕೆಸರಿನಲ್ಲಿ ಕಾಲು ಹೂತ ಹಾಗೆ ಮೆಲ್ಲಗೆ ಇಳಿಯುತ್ತಿತ್ತು. ಹೊರಗೆ ಒಂದು ಹನಿಯೂ ಸೋರಿಲ್ಲ, ಡಬ್ಬಿಯಲ್ಲಿ ಮಟ್ಟವೂ ಇಳಿದಿಲ್ಲ, ಯಾಕೆಂದರೆ ಆಯಿಲ್ ಒಳಗೊಳಗೇ ವಾಷರ್ ದಾಟಿ ವಾಪಸ್ ಬರುತ್ತಿತ್ತು. ನನಗೆ ಅದು ಹೊಳೆಯಬೇಕಲ್ಲ! ಇನ್ನೂ ಏರ್ ಇದೆ ಅಂದುಕೊಂಡು ಮತ್ತೆ ಎರಡು ಸುತ್ತು ತೆಗೆದೆ. ಆಮೇಲೆ ಅಂಗಳದಲ್ಲೇ ಒಂದು ಸಲ ಓಡಿಸಿ ನೋಡೋಣ ಅಂತ ಹೊರಟೆ. ಪೆಡಲ್ ನೆಲ ಮುಟ್ಟಿತು, ಕಾರು ನಿಲ್ಲಲಿಲ್ಲ, ಹ್ಯಾಂಡ್‌ಬ್ರೇಕ್ ಎಳೆದರೆ ಅದೂ ಸರಿಯಾಗಿ ಹಿಡಿಯಲಿಲ್ಲ, ಅಡಿಕೆ ಒಣಗಿಸುವ ಚಪ್ಪರದ ಕಂಬಕ್ಕೆ ಹೋಗಿ ನಿಂತೆ. ಬಂಪರ್ ಸೀಳಿತು. ಅಮ್ಮ ಇವತ್ತಿಗೂ ಕಂಬದ ಬಗ್ಗೆ ಮಾತ್ರ ಕೇಳುತ್ತಾರೆ.

ಮೆಕ್ಯಾನಿಕ್ ಮನೆಗೇ ಬಂದು ಮಾಸ್ಟರ್ ಸಿಲಿಂಡರ್ ಬಿಚ್ಚಿ ಹರಿದ ವಾಷರ್ ತೋರಿಸಿದರು, ಇಡೀ ಸಿಲಿಂಡರ್ ಹೊಸದು ಹಾಕಬೇಕಾಯಿತು. ಹಾಕಿದ ಮೇಲೂ ಪೆಡಲ್ ಮೊದಲಿನ ಹಾಗೇ, ಒಮ್ಮೆ ಕೆಳಗೆ, ಪಂಪ್ ಮಾಡಿದರೆ ಮೇಲೆ. ಆಗ ಅವರು ಹಿಂದಿನ ಡ್ರಮ್ ಬಿಚ್ಚಿದರು. ಡ್ರಮ್ಮಿಗೆ ಒತ್ತಿ ಚಕ್ರ ಹಿಡಿಯುವ ಲೈನರ್ ಸವೆದಿತ್ತು, ಅದು ಸವೆದಂತೆ ತಾನಾಗಿ ಹೊಂದಿಕೊಳ್ಳಬೇಕಾದ ಅಡ್ಜಸ್ಟರ್ ತುಕ್ಕು ಹಿಡಿದು ಕೂತಿತ್ತು. ಲೈನರಿಗೂ ಡ್ರಮ್ಮಿಗೂ ನಡುವೆ ಅಷ್ಟು ಸಂದು ಇದ್ದರೆ ಮೊದಲ ಸಲ ಒತ್ತಿದ್ದೆಲ್ಲ ಆ ಸಂದು ತುಂಬೋಕೇ ಹೋಗುತ್ತದೆ. ಹ್ಯಾಂಡ್‌ಬ್ರೇಕ್ ಹಿಡಿಯದಿದ್ದಕ್ಕೂ ಕಾರಣ ಅದೇ. ಲೈನರ್ ಬದಲಿಸಿ, ಅಡ್ಜಸ್ಟರ್ ತೊಳೆದು ಕೂರಿಸಿದರು, ಪೆಡಲ್ ಮೇಲೆ ಬಂತು. ಏರ್ ಮೊದಲಿಂದಲೂ ಇರಲೇ ಇಲ್ಲ.

ಮುಚ್ಚಿದ ಲೈನಿಗೆ ಗಾಳಿ ಸುಮ್ನೆ ಬಂದು ಸೇರಿಕೊಳ್ಳುವುದಿಲ್ಲ ಸ್ವಾಮಿ. ಯಾರೋ ಬಿಚ್ಚಿರಬೇಕು, ಎಲ್ಲೋ ಸೋರಿರಬೇಕು, ಇಲ್ಲಾ ಡಬ್ಬಿ ಖಾಲಿಯಾಗಿರಬೇಕು. ಇದ್ಯಾವುದೂ ಆಗಿಲ್ಲ ಅಂದರೆ ಕಾರನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆದು, ಪೆಡಲ್ ಒತ್ತಿ ನೋಡಿ. ಎಳೆದಾಗ ಪೆಡಲ್ ಮೇಲೆ ಬಂದರೆ ಹಿಂದಿನ ಡ್ರಮ್ ಬಿಚ್ಚಿಸಿ. ಒತ್ತಿ ಹಿಡಿದಾಗ ತಾನಾಗಿ ಇಳಿಯುತ್ತಾ ಹೋದರೆ, ಹೊರಗೆಲ್ಲೂ ಸೋರಿಕೆಯೂ ಇಲ್ಲದಿದ್ದರೆ, ಬಹುತೇಕ ಮಾಸ್ಟರ್ ಸಿಲಿಂಡರ್. ಒತ್ತಿದರೆ ಸ್ಪಂಜಿನ ಹಾಗೆ ಕುಪ್ಪಳಿಸಿದರೆ ಮಾತ್ರ ಏರ್ ಮಾತು, ಆಗಲೂ ಎಲ್ಲಿಂದ ಬಂತು ಅಂತ ಹುಡುಕದೆ ತೆಗೆಯೋದು ದುಡ್ಡು ದಂಡ. ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಕಾರಾದರೆ ನಾನು ಮನೆಯಲ್ಲಿ ಮುಟ್ಟೋದೇ ಇಲ್ಲ. ಅದರ ಪಂಪಿನೊಳಗೆ ಗಾಳಿ ಸೇರಿದರೆ ಹೆಚ್ಚಿನ ಕಾರುಗಳಲ್ಲಿ ಸ್ಕ್ಯಾನರ್ ಹಾಕಿಯೇ ತೆಗೆಸಬೇಕು.

ಆಯಿಲ್ ಬದಲಿಸೋಕೆ ಅಂತ ಮಾಡುತ್ತೀರಾದರೆ ಮಾಡಿ, ಮರದ ತುಂಡು ಇಟ್ಟು. ಬಣ್ಣದ ಮೇಲೆ ಚೆಲ್ಲಿದರೆ ತಕ್ಷಣ ನೀರು ಹುಯ್ಯಿರಿ, ನನ್ನ ಕಾರಿನ ಫೆಂಡರ್ ಮೇಲೆ ಅಂಗೈ ಅಗಲ ಬಣ್ಣ ಎದ್ದು ಹೋಗಿದೆ.

ಅಂದಹಾಗೆ, ನಿಮ್ಮ ಹ್ಯಾಂಡ್‌ಬ್ರೇಕ್ ಎಷ್ಟು ಕಟಕಟ ಆದ ಮೇಲೆ ಹಿಡಿಯುತ್ತದೆ? ನನ್ನದು ಆಗ 11 ಆಗುತ್ತಿತ್ತು, ಈಗ 6. ಎಣಿಸಿ ಹೇಳಿ, ಆಮೇಲೆ ಕಿಟ್ ಮಾತಾಡೋಣ.