ಆ ಒಂದೂವರೆ ಸಾಲು

ಈ ಪತ್ರ ನಗರದಿಂದ ಬಂದಿದೆ. ನಗರ ಅಂದರೆ ಪೇಟೆಯಲ್ಲ, ಹೊಸನಗರ ತಾಲೂಕಿನ ನಗರ, ಹಳೆಯ ಬಿದನೂರು. ಒಂಬತ್ತು ಪುಟ ಇದೆ. ಕಳಿಸಿದ ಹೊತ್ತು ರಾತ್ರಿ ಎರಡೂವರೆ. ರಾತ್ರಿ ಹನ್ನೊಂದರ ಮೇಲೆ ಬರೆದ ಪತ್ರವನ್ನು ನಾನು ಅರ್ಧ ಮಾತ್ರ ನಂಬೋದು ಅಂತ ಇಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಇದನ್ನು ಪೂರ್ತಿ ನಂಬಿದೆ. ನಂಬಿದ್ದಕ್ಕೇ ಸಿಟ್ಟು ಬಂತು, ಎರಡು ದಿನ ಉತ್ತರ ಬರೆಯಲಿಲ್ಲ.

ವಿಷಯ ಇಷ್ಟು. ಬರೆದವರಿಗೆ 29 ವರ್ಷ. ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಓದು, ಬೆಂಗಳೂರಿನಲ್ಲಿ ನಾಲ್ಕು ವರ್ಷ ಕೆಲಸ. ಕಂಪನಿ ಜನ ಕಡಿಮೆ ಮಾಡಿದಾಗ ಇವರೂ ಹೊರಬಿದ್ದರು. ಎರಡು ವರ್ಷದಿಂದ ಊರಲ್ಲೇ ಇದ್ದಾರೆ. ಎರಡು ಎಕರೆ ಅಡಿಕೆ ತೋಟ, ಅದಕ್ಕೂ ಎಲೆಚುಕ್ಕಿ ರೋಗ. ಮಗ ಮನೆಯಿಂದಲೇ ಯಾವುದೋ ಕಂಪನಿ ಕೆಲಸ ಮಾಡುತ್ತಿದ್ದಾನೆ ಅಂತ ಅಪ್ಪ ನಂಬಿದ್ದಾರೆ. ಮಗ ಮಾಡುತ್ತಿರುವುದು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಅನ್ನುವ ಆನ್‌ಲೈನ್ ಆಟದೊಳಗೆ ವ್ಯಾಪಾರ. ಅಲ್ಲಿ ಆಟಗಾರರೇ ಆಟಗಾರರಿಗೆ ಮಾಲು ಮಾರುವ ಹರಾಜು ಕಟ್ಟೆ ಇದೆ. ಅದರಲ್ಲಿ ಕೊಂಡು ಮಾರಿ ಆಟದ ಚಿನ್ನ ಕೂಡಿಸುತ್ತಾರೆ. ಆ ಚಿನ್ನವನ್ನು ಟೆಲಿಗ್ರಾಂನ ಒಬ್ಬ ಏಜೆಂಟ್ ಮೂಲಕ ನಿಜವಾದ ರೂಪಾಯಿಗೆ ದಾಟಿಸುತ್ತಾರೆ. ತಿಂಗಳಿಗೆ ಇಪ್ಪತ್ತು, ಇಪ್ಪತ್ತೈದು ಸಾವಿರ ಗಿಟ್ಟುತ್ತದಂತೆ. ಅವರ ಪ್ರಶ್ನೆ ಎರಡು. ಅಪ್ಪನಿಗೆ ಇದನ್ನು ಹೇಗೆ ಹೇಳಲಿ? ಹೆಣ್ಣಿನ ಮನೆಯವರು ಹುಡುಗನಿಗೆ ಏನು ಕೆಲಸ ಅಂತ ಕೇಳಿದರೆ ಏನು ಹೇಳಲಿ?

ಒಂಬತ್ತರಲ್ಲಿ ಐದು ಪುಟ ಆ ಹರಾಜಿನ ವರ್ಣನೆಯೇ. ಓದಿ ಅರ್ಥವಾಗದೆ ಅಕ್ಕನ ಮಗನನ್ನು ಕೂರಿಸಿಕೊಂಡು ಕೇಳಿದೆ. ಅವನು ತೋರಿಸಿದ ಮೇಲೆ ನಗು ಬಂತು. ಇದು ನಮ್ಮ ಅಡಿಕೆ ಮಂಡಿಯೇ ಅಲ್ವಾ! ಮಾಲು ಇಡುವಾಗ ಸ್ವಲ್ಪ ಠೇವಣಿ ಕಟ್ಟಬೇಕು. 12, 24 ಅಥವಾ 48 ಗಂಟೆ ಇಡಬಹುದು. ಹೋಗಲಿಲ್ಲ ಅಂದರೆ ಮಾಲು ವಾಪಸ್, ಠೇವಣಿ ಗೋತಾ. ಹೋದರೆ ಕಟ್ಟೆಯವರು ನೂರಕ್ಕೆ ಐದು ಮುರಿದುಕೊಳ್ಳುತ್ತಾರೆ. ಇವರು ಆಡುವುದು ಯುರೋಪಿನ ಸರ್ವರಿನಲ್ಲಿ. ಅಲ್ಲಿ ಬುಧವಾರ ಹೊಸ ವಾರ ಶುರು. ಅವತ್ತು ಸಂಜೆ ದೊಡ್ಡ ದೊಡ್ಡ ಗುಂಪುಗಳು ರೇಡಿಗೆ, ಅಂದರೆ ಒಟ್ಟಾಗಿ ದೊಡ್ಡ ರಾಕ್ಷಸರನ್ನು ಹೊಡೆಯಲು, ಇಳಿಯುತ್ತವೆ, ಎಲ್ಲರಿಗೂ ಮದ್ದಿನ ಶೀಸೆ ಬೇಕು. ಹಾಗಾಗಿ ರೇಟು ಬಿದ್ದಾಗ ಇವರು ಗಿಡಮೂಲಿಕೆ ಕೊಂಡು ಇಟ್ಟಿರುತ್ತಾರೆ, ಬುಧವಾರ ಶೀಸೆ ಮಾಡಿ ಮಾರುತ್ತಾರೆ. ಯುರೋಪಿನ ರಾತ್ರಿ ಎಂಟು ಅಂದರೆ ನಮಗೆ ಸರಿರಾತ್ರಿ. ಎರಡೂವರೆಗೆ ಪತ್ರ ಬಂದದ್ದು ಯಾಕೆ ಅಂತ ಆಗ ಗೊತ್ತಾಯಿತು. ಕಳಿಸಿದ ದಿನ ಗುರುವಾರ.

ಇದನ್ನು ಹೀನಾಯ ಮಾಡಿ ಮಾತಾಡುವವಳು ನಾನಲ್ಲ. ರೇಟು ನೋಡಿ ಮಾಲು ಹಿಡಿದಿಡೋದು, ಒಂದು ಕಾಸು ಕಡಿಮೆ ಹೇಳಿ ಪಕ್ಕದವನನ್ನು ಹಿಂದೆ ಹಾಕೋದು, ಇದಕ್ಕೆಲ್ಲ ತಲೆ ಬೇಕು. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಬೇರೆ ಮಾಡಿ, ಈ ವಾರ ಬಿಡಲೋ ಮುಂದಿನ ವಾರ ಬಿಡಲೋ ಅಂತ ಜನ್ಮವಿಡೀ ಲೆಕ್ಕ ಹಾಕಿದ ಮನುಷ್ಯ ನಿಮ್ಮಪ್ಪ. ಅವರಿಗೆ ನಿಮ್ಮ ಕೆಲಸ ಐದು ನಿಮಿಷಕ್ಕೆ ಅರ್ಥವಾಗುತ್ತದೆ. ಮಂಡಿಯ ಮಾತಲ್ಲೇ ಹೇಳಿ. ಮೊದಲನೇ ಪ್ರಶ್ನೆ ಮುಗಿಯಿತು.

ಎರಡನೆಯದಕ್ಕೆ ನನ್ನ ಹತ್ತಿರ ಜಾಣ ಉತ್ತರ ಇಲ್ಲ. ತೋಟದ ಹುಡುಗರಿಗೆ ಹೆಣ್ಣು ಸಿಗದ ಕಾಲ ಇದು, ನೀವು ಏನು ಹೇಳಿದರೂ ಅರ್ಧ ಜನ ಎದ್ದು ಹೋಗುತ್ತಾರೆ. ಹೋಗಲಿ ಬಿಡಿ.

ಈಗ ನನ್ನ ನಿದ್ದೆ ಕೆಡಿಸಿದ ಮಾತಿಗೆ ಬರುತ್ತೇನೆ. ಏಳನೇ ಪುಟದ ಕೊನೆಯಲ್ಲಿ ಹೀಗೆ ಬರೆದಿದ್ದೀರಿ: 'ಮಾರ್ಚ್‌ನಿಂದ ನನ್ನ ಅಕೌಂಟಿನಲ್ಲಿ ಏನೋ ಸಮಸ್ಯೆ ಇರುವುದರಿಂದ ದುಡ್ಡು ತಂಗಿಯ ಅಕೌಂಟಿಗೆ ಬರುತ್ತಿದೆ. ಅವಳು ಸ್ವಲ್ಪ ಗೊಣಗುತ್ತಾಳೆ, ಅಮ್ಮ ಸಮಾಧಾನ ಮಾಡಿದ್ದಾರೆ.' ಇಷ್ಟೇ. ಒಂದೂವರೆ ಸಾಲು. ಅದರ ಮುಂದಿನ ಸಾಲಿನಲ್ಲಿ ಮತ್ತೆ ಗಿಡಮೂಲಿಕೆ ರೇಟು.

ಏನೋ ಸಮಸ್ಯೆ ಅಂದರೆ ಏನು ಸ್ವಾಮಿ? ಒಂಬತ್ತು ಪುಟದಲ್ಲಿ ಪೈಸೆ ಪೈಸೆ ಲೆಕ್ಕ ಕೊಟ್ಟವರಿಗೆ ಇಲ್ಲಿ ಮಾತ್ರ 'ಏನೋ' ಯಾಕೆ ಬಂತು? ನಾನು ಹೇಳಲಾ? ಬ್ಯಾಂಕಿನವರು ನಿಮ್ಮ ಖಾತೆಗೆ ತಡೆ ಹಾಕಿದ್ದಾರೆ. ಕಾರಣವನ್ನೂ ನೀವೇ ಬರೆದಿದ್ದೀರಿ, ಎರಡನೇ ಪುಟದಲ್ಲಿ, ಹೆಮ್ಮೆಯಿಂದ: ಏಜೆಂಟ್ ತುಂಬಾ ಕರೆಕ್ಟ್, ದುಡ್ಡು ಪ್ರತಿ ಸಲ ಬೇರೆ ಬೇರೆ ಹೆಸರಿನಿಂದ ಬಂದರೂ ಒಂದು ಸಲವೂ ತಪ್ಪಿಲ್ಲ ಅಂತ. ಬೇರೆ ಬೇರೆ ಹೆಸರು! ಮಂಡಿಯವನು ನಿಮ್ಮಪ್ಪನಿಗೆ ವಾರಕ್ಕೊಬ್ಬ ಅಪರಿಚಿತನ ಕೈಯಲ್ಲಿ ದುಡ್ಡು ಕಳಿಸಿದ್ದರೆ ನಿಮ್ಮಪ್ಪ ಮುಟ್ಟುತ್ತಿದ್ದರೇ?

ಇದು ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ. ಎಲ್ಲೋ ಒಬ್ಬ ರಿಟೈರಾದ ಮೇಷ್ಟ್ರಿಗೆ ಫೋನಿನಲ್ಲಿ ಮೋಸವಾಗುತ್ತದೆ. ಅವರ ದುಡ್ಡು ಹತ್ತು ಖಾತೆ ಹಾರುತ್ತದೆ. ಹಾರುವ ದಾರಿಯಲ್ಲಿ ಯಾರೋ ಅದರಿಂದ ಆಟದ ಚಿನ್ನ ಕೊಳ್ಳುತ್ತಾನೆ, ಚಿನ್ನವನ್ನು ಬೇರೆ ಕಡೆ ಮಾರಿ ಕೈತೊಳೆದುಕೊಳ್ಳುತ್ತಾನೆ. ಮೇಷ್ಟ್ರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡುತ್ತಾರೆ. ದುಡ್ಡು ಮುಟ್ಟಿದ ಖಾತೆಗಳಿಗೆ ಒಂದರ ಹಿಂದೆ ಒಂದು ತಡೆ ಬೀಳುತ್ತದೆ. ಕೊನೆಯಲ್ಲಿ ಕೈಗೆ ಸಿಗುವವನು ಏಜೆಂಟ್ ಅಲ್ಲ, ಅವನಿಗೆ ಇರೋದು ಒಂದು ಅಡ್ಡಹೆಸರು ಮಾತ್ರ. ಸಿಗುವವರು ಆಧಾರ್, ಪ್ಯಾನ್ ಕೊಟ್ಟು ಖಾತೆ ತೆರೆದವರು. ನಿಮ್ಮ ದುಡ್ಡೂ ಹಾಗೇ ಬಂದದ್ದು ಅಂತ ನಾನು ಆಣೆ ಮಾಡಲಾರೆ. ಹಾಗಲ್ಲ ಅಂತ ನೀವೂ ಆಣೆ ಮಾಡಲಾರಿರಿ ಅಲ್ವಾ?

ನಿಮ್ಮ ಖಾತೆ ನಿಂತಾಗ ನೀವು ನಿಲ್ಲಲಿಲ್ಲ. ತಂಗಿಯ ಖಾತೆಗೆ ತಿರುಗಿಸಿದಿರಿ. ಅವಳು ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ನರ್ಸ್ ಅಂತ ಮೊದಲ ಪುಟದಲ್ಲಿ ಬರೆದಿದ್ದೀರಿ. ಹಾಗಾದರೆ ಅದು ಅವಳ ಸಂಬಳದ ಖಾತೆ. ನೈಟ್ ಡ್ಯೂಟಿ ಮಾಡಿ ದುಡಿದ ದುಡ್ಡು ಕೂರುವ ಜಾಗ. ನಾಳೆ ಅದಕ್ಕೂ ತಡೆ ಬಿದ್ದರೆ ಅವಳ ರೂಮಿನ ಬಾಡಿಗೆ ಯಾರು ಕಟ್ಟುತ್ತಾರೆ, ಆಟದ ಚಿನ್ನವೇ? ಪೊಲೀಸರು ಫೋನ್ ಮಾಡಿದರೆ ಮಾಡೋದು ಅವಳಿಗೆ, ಡ್ಯೂಟಿಯಲ್ಲಿ ಇರುವಾಗ. ತೆರಿಗೆಯವರು ಕೇಳಿದರೂ ಅವಳ ಪ್ಯಾನ್ ನಂಬರಿಗೇ ಕೇಳುತ್ತಾರೆ.

ನಿಮ್ಮ ಮೇಲೆ ನನಗೆ ಅರ್ಧ ಸಿಟ್ಟು. ಕೆಲಸ ಹೋದವನ ಗಾಬರಿ ನನಗೆ ಗೊತ್ತು. ಉಳಿದದ್ದು ನಿಮ್ಮ ಅಮ್ಮನ ಮೇಲೆ. 'ಸಮಾಧಾನ ಮಾಡಿದ್ದಾರೆ' ಅಂದರೆ ಏನು ಹೇಳಿರುತ್ತಾರೆ ಅಂತ ಈ ಮಲೆನಾಡಿನಲ್ಲಿ ಹುಟ್ಟಿದ ಯಾವ ಹೆಣ್ಣಿಗೆ ಬೇಕಾದರೂ ಗೊತ್ತು. ಅಣ್ಣ ಕಷ್ಟದಲ್ಲಿದ್ದಾನೆ, ಇಷ್ಟಾದರೂ ಮಾಡಬಾರದಾ, ನಾಳೆ ನಿನ್ನ ಮದುವೆಗೆ ನಿಲ್ಲೋನು ಅವನೇ. ತಾಯಿ, ಮಗನ ಪರ ನಿಲ್ಲುವುದು ನಿಮ್ಮ ಇಷ್ಟ. ಮಗಳ ಬೆನ್ನ ಮೇಲೆ ನಿಲ್ಲಬೇಡಿ.

ಹೆಣ್ಣುಮಕ್ಕಳ ಪಾಸ್‌ಬುಕ್ಕನ್ನು ಮನೆಯವರು ಮುಟ್ಟಬಾರದು. ಇದನ್ನು ನಾನು ಪದೇ ಪದೇ ಹೇಳುತ್ತೇನೆ, ಓದುಗರು ಬೈಯುತ್ತಾರೆ, ಮತ್ತೂ ಹೇಳುತ್ತೇನೆ. ಅದಕ್ಕೆ ಕಾರಣ ಇದೆ. ನನ್ನ ಅಣ್ಣ ಪಂಪ್‌ಸೆಟ್ ಸಾಲಕ್ಕೆ ಅಂತ ನನ್ನ ಹತ್ತಿರ ಸೊಸೈಟಿಯ ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದ. ಸುಮ್ನೆ ಒಂದು ಸಹಿ ಅಂದಿದ್ದ. ಮದುವೆಯಾಗಿ ಮೂರನೇ ವರ್ಷ ಗಂಡನ ಮನೆಗೆ ನೋಟಿಸ್ ಬಂತು. ಅತ್ತೆ ಅದನ್ನು ಎರಡು ಸಲ ಗಟ್ಟಿಯಾಗಿ ಓದಿಸಿದರು. ಅಣ್ಣ ಸಾಲ ತೀರಿಸಿದ, ಕೆಟ್ಟವನಲ್ಲ. ಆದರೆ ಅವತ್ತು ಆ ಜಗುಲಿಯಲ್ಲಿ ತಲೆ ತಗ್ಗಿಸಿ ನಿಂತವಳು ನಾನು.

ಆಟದ ಕಂಪನಿಯವರೇ ಒಂದು ಕಾಲದಲ್ಲಿ ನಿಜ ದುಡ್ಡಿನ ಹರಾಜು ನಡೆಸಿದ್ದರಲ್ಲ, ನಾನು ಮಾಡಿದರೆ ಏನು ತಪ್ಪು ಅಂತಲೂ ವಾದಿಸಿದ್ದೀರಿ. ನಡೆಸಿದ್ದು ಹೌದು. ಆದರೆ ಅದು ಡಯಾಬ್ಲೊ 3 ಅನ್ನುವ ಬೇರೆ ಆಟ. 2012ರ ಜೂನ್‌ನಲ್ಲಿ ಶುರು ಮಾಡಿದರು, 2014ರ ಮಾರ್ಚ್ 18ಕ್ಕೆ ಬಾಗಿಲು ಹಾಕಿದರು. ರಾಕ್ಷಸರನ್ನು ಕೊಂದು ಆಯುಧ ಗಳಿಸಬೇಕಾದ ಆಟದಲ್ಲಿ ಜನ ಹರಾಜಿಗೇ ಓಡುತ್ತಿದ್ದರು, ಆಟವೇ ಕೆಡುತ್ತಿತ್ತು. ನಿಮ್ಮ ಆಟದಲ್ಲಿ ಚಿನ್ನವನ್ನು ರೂಪಾಯಿಗೆ ಮಾರೋದು ನಿಯಮಕ್ಕೆ ವಿರುದ್ಧ. ಕಂಪನಿ 2015ರಲ್ಲಿ ಟೋಕನ್ ಅಂತ ಒಂದು ತಂದಿದೆಯಲ್ಲ, ಚಿನ್ನ ಕೊಟ್ಟು ಅದನ್ನು ಕೊಂಡರೆ ಆಟದ ಅವಧಿ ಸಿಗುತ್ತದೆ, ರೂಪಾಯಿ ಸಿಗೋದಿಲ್ಲ. ಮಾರಿದ್ದು ಗೊತ್ತಾದರೆ ಆಟದ ಖಾತೆಯನ್ನೇ ಮುಚ್ಚಬಹುದು. ಆ ಚಿನ್ನ, ಗಿಡಮೂಲಿಕೆ ಯಾವುದೂ ನಿಮ್ಮ ಸ್ವತ್ತಲ್ಲ, ಅವರದು. ನಿಮ್ಮಪ್ಪನ ಅಡಿಕೆ ಮಂಡಿಯಲ್ಲಿ ಹೋಗದಿದ್ದರೆ ಚೀಲ ಹೊತ್ತು ಮನೆಗೆ ತರಬಹುದು. ಇಲ್ಲಿ ಹೊತ್ತು ತರಲು ಏನಿದೆ?

ಅದು ನಿಮ್ಮ ನಷ್ಟ, ನೀವು ನೋಡಿಕೊಳ್ಳಿ. ಆಟ ಬಿಡಿ ಅಂತ ನಾನು ಹೇಳೋದಿಲ್ಲ, ಬೇರೆ ಕೆಲಸ ಹುಡುಕಿ ಅಂತ ನಿಮಗೆ ಹೇಳಲು ನೂರು ಜನ ಇದ್ದಾರೆ. ನಾನು ಹೇಳೋದು ಒಂದೇ. ತಂಗಿಯ ಖಾತೆಗೆ ಇನ್ನು ಒಂದು ರೂಪಾಯಿಯೂ ಬರಬಾರದು. ಇವತ್ತೇ. ಏಜೆಂಟಿಗೆ ಕೊಟ್ಟಿರುವ ಅವಳ ಯುಪಿಐ ವಿವರ ಅಳಿಸಲು ಹೇಳಿ, ಬಾಕಿ ದುಡ್ಡು ಬರುವುದಿದ್ದರೆ ಅದು ಹೋಯಿತು ಅಂದುಕೊಳ್ಳಿ. ನಿಮ್ಮ ಬ್ಯಾಂಕಿಗೆ ಹೋಗಿ ತಡೆ ಯಾಕೆ ಬಿದ್ದಿದೆ, ಯಾವ ಊರಿನ ಪೊಲೀಸರ ದೂರು, ಅದರ ನಂಬರ್ ಏನು ಅಂತ ಬರಹದಲ್ಲಿ ಕೇಳಿ ತಗೊಳ್ಳಿ. ಅದು ಬಗೆಹರಿಯುವ ತನಕ ಮಾರಾಟ ಇಲ್ಲ. ಸ್ವಂತ ಖಾತೆಯಲ್ಲಿ ಇಳಿಸಿಕೊಳ್ಳಲು ಧೈರ್ಯ ಇಲ್ಲದ ದುಡ್ಡು ತಂಗಿಗೂ ಬೇಡ. ಅಪ್ಪನಿಗೆ ಹೇಳುವಾಗ ಆಟದ ವಿಷಯ ಆಮೇಲೆ ಹೇಳಿ, ಇದನ್ನು ಮೊದಲು ಹೇಳಿ.

ಆ ನರ್ಸ್ ಹುಡುಗಿ ಇದನ್ನು ಓದುತ್ತಿದ್ದರೆ ನಿನಗೂ ಒಂದು ಮಾತು. ಅಣ್ಣ ಸರಿಪಡಿಸಲಿ ಅಂತ ಕಾಯಬೇಡ. ಮುಂದಿನ ರಜೆಯ ದಿನವೇ ಬ್ಯಾಂಕಿಗೆ ಹೋಗು. ಮಾರ್ಚ್‌ನಿಂದ ಇಲ್ಲಿಯವರೆಗಿನ ಸ್ಟೇಟ್‌ಮೆಂಟ್ ತಗೊಂಡು ಅಣ್ಣನ ದುಡ್ಡು ಯಾವುದು, ನಿನ್ನದು ಯಾವುದು ಅಂತ ಗುರುತು ಹಾಕಿಡು. ಎಟಿಎಂ ಪಿನ್ ಬದಲಿಸು, ಯುಪಿಐ ಪಿನ್ ಬದಲಿಸು. ಹೊಸದು ಏನು ಅಂತ ಅಮ್ಮ ಕೇಳಿದರೆ ಹೇಳಬೇಡ. ಬೈದರೆ ನನ್ನ ಹೆಸರು ಹೇಳು, ನನಗೆ ಬೈಸಿಕೊಂಡು ಅಭ್ಯಾಸ ಇದೆ.