ಒಹ್ತಾನಿಗೆ ವರ್ಷಕ್ಕೆ 20 ಲಕ್ಷ ಡಾಲರ್ ಮಾತ್ರಾನಾ?

ಬೇಸ್‌ಬಾಲ್ ಆಟಗಾರ ಒಹ್ತಾನಿಯದು 70 ಕೋಟಿ ಡಾಲರ್ ಒಪ್ಪಂದ ಅಂತಾರೆ, ಕೈಗೆ ಬರೋದು ವರ್ಷಕ್ಕೆ 20 ಲಕ್ಷ, ಯಾವುದು ನಿಜ ಅಂತ ಕೇಳಿದ್ದೀರಿ. ಎರಡೂ ನಿಜ.

2023ರ ಡಿಸೆಂಬರಿನಲ್ಲಿ ಶೋಹೆ ಒಹ್ತಾನಿ ಅಮೆರಿಕದ ಡಾಡ್ಜರ್ಸ್ ತಂಡದ ಜೊತೆ 10 ವರ್ಷಕ್ಕೆ ಸಹಿ ಹಾಕಿದರು. ಅದರಲ್ಲಿ 68 ಕೋಟಿ ಸಿಗುವುದು 2034ರಿಂದ 2043ರವರೆಗೆ. ಅದೂ ಬಡ್ಡಿ ಇಲ್ಲದೆ! ಉಳಿದ 2 ಕೋಟಿಯೇ ಈ 10 ವರ್ಷದಲ್ಲಿ ಸಿಗೋದು, ಅಂದರೆ ವರ್ಷಕ್ಕೆ 20 ಲಕ್ಷ. ಇವತ್ತಿನ ಬೆಲೆಗೆ ಇಳಿಸಿದರೆ ಒಪ್ಪಂದ ಸುಮಾರು 46 ಕೋಟಿ. ಹಾಗಾಗಿ ತಂಡದ ಮೇಲಿನ ಲಗ್ಜುರಿ ಟ್ಯಾಕ್ಸ್ (ಆಟಗಾರರ ಒಟ್ಟು ಸಂಬಳ ಮಿತಿ ಮೀರಿದರೆ ತಂಡ ಕಟ್ಟಬೇಕಾದ ತೆರಿಗೆ) ಲೆಕ್ಕದಲ್ಲಿ ವರ್ಷಕ್ಕೆ 7 ಕೋಟಿ ಬದಲು 4.6 ಕೋಟಿಯಷ್ಟೇ. ತಂಡಕ್ಕೆ ಲಾಭ ಅಲ್ಲೇ ಇರೋದು. ಅದೇ ತಿಂಗಳು ಜಪಾನಿನ ಪಿಚರ್ (ಚೆಂಡೆಸೆಯುವ ಆಟಗಾರ) ಯಮಾಮೊಟೊ ಅವರನ್ನೂ 32.5 ಕೋಟಿ ಕೊಟ್ಟು ಕರೆತಂದರು, ನೋಡಿ.

ಇನ್ನು ಕೋಚ್‌ಗಳ ಸಂಬಳ ಈ ಟ್ಯಾಕ್ಸ್ ಲೆಕ್ಕಕ್ಕೆ ಬರೋದೇ ಇಲ್ಲ. ಕಬ್ಸ್ ಅನ್ನೋ ಇನ್ನೊಂದು ತಂಡ ಮ್ಯಾನೇಜರ್ (ಬೇಸ್‌ಬಾಲ್‌ನಲ್ಲಿ ಮುಖ್ಯ ಕೋಚ್) ಕ್ರೇಗ್ ಕೌನ್ಸೆಲ್‌ಗೆ 5 ವರ್ಷಕ್ಕೆ 4 ಕೋಟಿ ಕೊಟ್ಟಾಗ ಎಲ್ಲರೂ ಹೌಹಾರಿದರು. ನನಗೇನೋ ಅದು ಅಗ್ಗ ಅನ್ನಿಸಿತು.