ಡಿಸಿಪ್ಲಿನರಿ ಮೇಲ್ ಬಂದ್ರ ಗಾಬರಿಲೆ "ತಪ್ಪಾತ್ರಿ ಸರ್" ಅಂತ ಬರೀಬ್ಯಾಡ

ತಮ್ಮಾ, ಬಾಗಲಕೋಟಿಯಿಂದ ಎಂಎಸ್ಸಿಗೆ ಇಂಗ್ಲೆಂಡಿಗೆ ಬರಾಕತ್ತೀನಿ ಅಕ್ಕಾ, ಈ ಡಿಸಿಪ್ಲಿನರಿ ಅಂದ್ರೇನು, ಹೊರಗ ರೂಮ್ ಮಾಡಿದವ್ರಿಗೂ ಬರ್ತೈತೇನು, ಹೆಸರು ಬಂದ ಕೂಡ್ಲೆ ವೀಸಾ ಹೋಗ್ತೈತೇನು ಅಂತ ಕೇಳೀದಿ. ನಾ ಬಂದು 14 ವರ್ಷ ಆತು, ಮೊದಲ್ನೇ ವರ್ಷನ ನನಗೂ ಅಂಥಾ ಮೇಲ್ ಬಂದಿತ್ತು, ಅದಕ್ಕ ಸ್ವಲ್ಪ ಉದ್ದ ಬರಿಯಾಕತ್ತೀನಿ.

ಡಿಸಿಪ್ಲಿನರಿ ಅಂದ್ರ ಸ್ಟೂಡೆಂಟ್ ನಿಯಮ ಮುರದಾನ ಅಂತ ಆರೋಪ ಬಂದಾಗ ಯೂನಿವರ್ಸಿಟಿನ ಮಾಡೂ ವಿಚಾರಣಿ. ರಿಜಿಸ್ಟರ್ ಆದವ್ರು ಎಲ್ಲಾರೂ ಇದರಾಗ ಬರ್ತಾರ, ಪಾರ್ಟ್ ಟೈಮ್ ಇರ್ಲಿ ಪಿಎಚ್‌ಡಿ ಇರ್ಲಿ. ಕ್ಯಾಂಪಸ್ ಹೊರಗ ಇದ್ದೀನಿ ಅಂದ್ರ ಬಿಡೂದಿಲ್ಲ, ಓಣ್ಯಾಗ ರಾತ್ರಿ ಗದ್ಲ ಮಾಡಿದ್ದು, ವಾಟ್ಸಾಪ್ ಗ್ರೂಪಿನ್ಯಾಗ ಯಾರಿಗರ ಹೊಲಸ ಬರದದ್ದು, ಪ್ಲೇಸ್‌ಮೆಂಟ್ ಅಂತ ಕೋರ್ಸಿನ ಭಾಗವಾಗಿ ಕೆಲಸ ಕಲಿಯಾಕ ಹೋದ ಜಾಗಾದಾಗ ಆಗಿದ್ದು ಎಲ್ಲಾ ಬರಬಹುದು. ನರ್ಸಿಂಗ್, ಮೆಡಿಕಲ್ ಹುಡುಗರಿಗೆ ಇದರ ಮ್ಯಾಲ ಫಿಟ್‌ನೆಸ್ ಟು ಪ್ರಾಕ್ಟೀಸ್ ಅಂತ, ಆ ವೃತ್ತಿ ಮಾಡಾಕ ಯೋಗ್ಯ ಅದಾರೇನು ಅಂತ ನೋಡೂ ವಿಚಾರಣಿ ಬ್ಯಾರೇದ ಐತಿ.

ನಂದು ಕೊಲ್ಯೂಶನ್ ಕೇಸ್, ಅಂದ್ರ ಒಬ್ಬೊಬ್ರ ಮಾಡಬೇಕಾದ ಕೆಲಸ ಕೂಡಿ ಮಾಡಿದ ಆರೋಪ. ರೂಮ್‌ಮೇಟ್ ಅಸೈನ್‌ಮೆಂಟ್ ಒಂಚೂರು ನೋಡಿ ಕೊಡ್ತೀನಿ ಅಂದ್ಲು, ಊರಾಗ ಲ್ಯಾಬ್ ರೆಕಾರ್ಡ್ ಕೊಟ್ಟಂಗ ಕೊಟ್ಟೆ, ಎರಡೂ ಟರ್ನಿಟಿನ್ ಅನ್ನೂ ಕಾಪಿ ಹಿಡಿಯೂ ಸಾಫ್ಟ್‌ವೇರ್‌ದಾಗ ಮ್ಯಾಚ್ ಆದ್ವು. ಇಲ್ಲಿ ಕೊಟ್ಟವ್ರದೂ ತಪ್ಪು. ವಿಟಿಯು ಪರೀಕ್ಷೆದಾಗ ಸ್ಕ್ವಾಡ್ ಹಿಡದ್ರ ಮಾಲ್‌ಪ್ರಾಕ್ಟಿಸ್ ಅನ್ನೂದಷ್ಟ ನನಗ ಗೊತ್ತಿತ್ತು, ಇದು ಗೊತ್ತಿರ್ಲಿಲ್ಲ. ರಾತ್ರಿ ಹನ್ನೆರಡಕ್ಕ "ತಪ್ಪಾತ್ರಿ, ಕ್ಷಮಿಸ್ರಿ, ಇನ್ನೊಮ್ಮೆ ಮಾಡೂದಿಲ್ಲ" ಅಂತ ಇಂಗ್ಲಿಷ್‌ದಾಗ ಟೈಪ್ ಮಾಡಿ ಕುಂತಿದ್ದೆ. ನಮ್ಮ ಕಡೆ ಪ್ರಿನ್ಸಿಪಾಲ್ ಮುಂದ ಹಂಗಂದ್ರ ಮುಗೀತಿತ್ತು, ಇಲ್ಲಿ ಅದು ಎಲ್ಲಾ ಒಪ್ಪಿಕೊಂಡಂಗ ಫೈಲಿಗೆ ಹೋಗ್ತೈತಿ.

ಪುಣ್ಯಾಕ್ಕ ಕಳಿಸ್ಲಿಲ್ಲ, ಮರುದಿನ ಸ್ಟೂಡೆಂಟ್ಸ್ ಯೂನಿಯನ್ ಅಡ್ವೈಸ್ ಆಫೀಸಿಗೆ ಹೋದೆ. ಅಲ್ಲಿಯ ಅಡ್ವೈಸರ್ ಮೇಡಂ ಪತ್ರ ಓದಿ ಪೆನ್ಸಿಲ್‌ಲೆ ಎರಡು ಕಡೆ ಸುತ್ತ ಗೆರಿ ಹಾಕಿದ್ರು, ಒಂದು "ಅಲೆಜ್ಡ್" (ಆರೋಪ ಬಂದದ್ದು) ಅನ್ನೂ ಶಬ್ದಕ್ಕ, ಇನ್ನೊಂದು ಉತ್ತರ ಕೊಡೂ ತಾರೀಖಿಗೆ. ಇದು ಇನ್ನಾ ಬರೇ ಆರೋಪ, ಸಾಬೀತು ಮಾಡೂದು ಯೂನಿವರ್ಸಿಟಿ ಕೆಲಸ ಅಂದ್ರು. ಆದ್ರ ಕ್ರಿಮಿನಲ್ ಕೋರ್ಟಿನಷ್ಟು ಗಟ್ಟಿ ಸಾಕ್ಷಿ ಏನ್ ಬೇಕಿಲ್ಲ, ಹಿಂಗ ಆಗಿರೂ ಸಾಧ್ಯತೆನ ಜಾಸ್ತಿ ಅನಿಸಿದ್ರ ಸಾಕು. ನನ್ನ ಲ್ಯಾಪ್‌ಟಾಪಿನ್ಯಾಗ ತಾರೀಖ ಸಮೇತ ಹಳೇ ಡ್ರಾಫ್ಟ್ ಇದ್ವು, ಅವ ಕೈ ಹಿಡದ್ವು. ವಿಚಾರಣಿ ಮೀಟಿಂಗ್‌ದಾಗ ಎದರಿಗೆ ಮೂರು ಮಂದಿ, ಆ ಮೇಡಂ ನನ್ನ ಬಾಜೂಕ. ಬರದವಳು ನಾನ ಅಂತ ಒಪ್ಪಿದ್ರು, ಫೈಲ್ ಕೊಟ್ಟಿದ್ದಕ್ಕ ವಾರ್ನಿಂಗ್ ಕೊಟ್ರು.

ತೀರ್ಪು ಸರಿ ಅನಿಸ್ಲಿಲ್ಲಂದ್ರ ಮೊದಲ ಒಳಗ ಅಪೀಲ್. ಅದೂ ಮುಗದ ಮ್ಯಾಲ ಒಳಗಿನ ಪ್ರಕ್ರಿಯೆ ಮುಗೀತು ಅನ್ನೂ ಕಂಪ್ಲೀಶನ್ ಆಫ್ ಪ್ರೊಸೀಜರ್ಸ್ ಪತ್ರ ಕೊಡ್ತಾರ, ಅಲ್ಲಿಂದ 12 ತಿಂಗಳೊಳಗ ಒಐಎ ಅನ್ನೂ, ಸ್ಟೂಡೆಂಟ್ಸ್ ದೂರು ನೋಡೂ ಸ್ವತಂತ್ರ ಸಂಸ್ಥೆ ಕಡೆ ದೂರು ಕೊಡಬಹುದು, ಸ್ಟೂಡೆಂಟ್ಸಿಗೆ ಒಂದು ಪೈಸಾ ಖರ್ಚಿಲ್ಲ. ಇದು ಇಂಗ್ಲೆಂಡ್, ವೇಲ್ಸ್‌ಗೆ ಮಾತ್ರ.

ವೀಸಾ ಬರೇ ಆರೋಪಕ್ಕ ಹೋಗೂದಿಲ್ಲ. ಸಸ್ಪೆಂಡ್ ಮಾಡಿ ಅಥವಾ ಕೋರ್ಸಿನಿಂದ ತಗದು ಸ್ಪಾನ್ಸರ್ ಮಾಡೂದು ನಿಲ್ಲಿಸಿದ್ರ ಯೂನಿವರ್ಸಿಟಿ 10 ವರ್ಕಿಂಗ್ ದಿನದಾಗ ವೀಸಾ ನೋಡೂ ಹೋಮ್ ಆಫೀಸ್ ಇಲಾಖೆಗೆ ತಿಳಸಬೇಕು, ಆವಾಗ ವೀಸಾ ಮೊಟಕಾಗಬಹುದು. ಮತ್ತ ಅಸೈನ್‌ಮೆಂಟ್ ಬರದು ಕೊಡ್ತೀವಿ ಅಂತ ಮೆಸೇಜ್ ಬರ್ತಾವ, ಮುಟ್ಟಬ್ಯಾಡ, ಇಂಗ್ಲೆಂಡಿನ್ಯಾಗ 2022ರ ಕಾಯ್ದೆ ಬಂದ ಮ್ಯಾಲ ಆ ಧಂಧೆನ ಅಪರಾಧ, ಮುಂದ ಅವ್ರ ನಿನಗ ಬ್ಲ್ಯಾಕ್‌ಮೇಲ್ ಮಾಡ್ತಾರ.

ಏನರ ಆದ್ರ ಮನ್ಯಾಗ ಹೇಳು ತಮ್ಮಾ. ನಾ ಮೂರು ವಾರ ಮುಚ್ಚಿಟ್ಟಿದ್ದೆ, ನವನಗರದಾಗ ಕುಂತ ಅವ್ವ ಫೋನಿನ್ಯಾಗ ನನ್ನ ದನಿ ಕೇಳೇ "ಊಟ ಬಿಟ್ಟೀದೇನು" ಅಂತ ಕೇಳಿದ್ಲು.